ಆನೇಕಲ್ಲಿನ ಪರದೇಶಿ ಕೃಷ್ಣಗಿರಿಗೆ ಹೋದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮುನಿವೆಂಕಟಪ್ಪ ಮಾವನ ಡ್ರೈವರ್ ಲೈಸೆನ್ಸು ಹೋದದ್ದು ಸರ್ಕಾರದಿಂದಲ್ಲ, ಇನ್‌ಸ್ಪೆಕ್ಟರಿಂದಲೂ ಅಲ್ಲ, ನನ್ನ ಬಾಯಿಂದ. ಬೇರೆಯವರ ದನಿ ಮಾಡಿ ತೋರಿಸುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಹೊಸೂರಿನ ಕೋರ್ಟಿನಲ್ಲಿ ನಕಲು ಗುಮಾಸ್ತನಾದಾಗ ನಮ್ಮಪ್ಪ, “ಸರ್ಕಾರಕ್ಕೆ ಸರಿಯಾದ ಆಳೇ ಸಿಕ್ಕವ್ನೆ” ಅಂದಿದ್ದ. ಹಗಲು ಕಾಗದಗಳನ್ನು ನಕಲು ಮಾಡುತ್ತಿದ್ದೆ, ಸಂಜೆ ಕೋರ್ಟಿನ ಹಿರಿಯರನ್ನು. ಊರೆಲ್ಲ ನಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಮಾವ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಹೆಗಲ ವಸ್ತ್ರದಿಂದ ಒರೆಸಿಕೊಂಡು, “ಇನ್ನೊಂದ್ಸಲ ಮಾಡ್ಲಾ” ಎನ್ನುತ್ತಿದ್ದ. ಅಂಥ ರಸಿಕನೊಬ್ಬ ಮನೆಯಲ್ಲೇ ಇದ್ದರೆ ಯಾವನಿಗೆ ತಲೆ ನೆಟ್ಟಗಿರುತ್ತದೆ?

ಮಾವ ಎಂದರೆ ನಮ್ಮಮ್ಮನ ತಮ್ಮ. ಹುಟ್ಟಿದ್ದು ಆನೇಕಲ್ ಪಕ್ಕದ ಹಳ್ಳಿಯಲ್ಲಿ. ಆನೇಕಲ್ಲು ಮೈಸೂರು ಸಂಸ್ಥಾನ, ಹೊಸೂರು ಮದ್ರಾಸ್ ಪ್ರಾಂತ್ಯ. ನಡುವೆ ಸಮುದ್ರವೇನಿಲ್ಲ, ರಾಗಿ ಹೊಲಗಳಿವೆ. ಬೆಳಿಗ್ಗೆ ಅಲ್ಲಿ ಮುದ್ದೆ ಉಂಡು ಹೊರಟವನು ಮಧ್ಯಾಹ್ನದ ಮುದ್ದೆಯನ್ನು ವಿದೇಶದಲ್ಲಿ ಉಣ್ಣಬಹುದು. ಹದಿನಾರು ವರ್ಷದಿಂದ ಹೊಸೂರು–ಕೃಷ್ಣಗಿರಿ ಬಸ್ಸು ಓಡಿಸುತ್ತಿದ್ದರೂ ಮಾವನ ಲೈಸೆನ್ಸು ಬೆಂಗಳೂರಿನದು. ಕಾಲಕಾಲಕ್ಕೆ ಅಲ್ಲಿಗೆ ಹೋಗಿ ಮೊಹರು ಹಾಕಿಸಿಕೊಂಡು ಬರುತ್ತಿದ್ದ. ಈ ಸಲ ಅದು ನಡೆಯುವುದಿಲ್ಲ ಎಂದರು ಇಲ್ಲಿಯ ಅಧಿಕಾರಿಗಳು. ಇಲ್ಲೇ ವಾಸವಿರುವ ಪರರಾಜ್ಯದ ಪ್ರಜೆ ಇಲ್ಲಿಯ ಲೈಸೆನ್ಸನ್ನೇ ಪಡೆಯಬೇಕು, ಕೃಷ್ಣಗಿರಿಯಲ್ಲಿ ಕ್ಯಾಂಪ್ ಹಾಕುವ ಮೋಟಾರು ವಾಹನ ಇನ್‌ಸ್ಪೆಕ್ಟರ ಎದುರು ಹಾಜರಾಗಬೇಕು. ಬಸ್ಸಿನ ಯಜಮಾನರು ಸೋಮವಾರದವರೆಗೆ ಗಡುವು ಕೊಟ್ಟಿದ್ದರು: ಕಾಗದ ಬಂದರೆ ಸೀಟು ಮಾವನದು, ಬಾರದಿದ್ದರೆ ಬೇರೆಯವನದು. ಸೀಟು ಹೋದರೆ ಶೆಡ್ಡಿನ ಪಕ್ಕದಲ್ಲಿ ಡ್ರೈವರನಿಗೆಂದು ಬಿಟ್ಟಿದ್ದ ಕೋಣೆಯೂ ಹೋಗುತ್ತಿತ್ತು. ನಮ್ಮತ್ತೆ ಕಣ್ಣು ಮುಚ್ಚಿದ್ದು ಆ ಕೋಣೆಯಲ್ಲಿ. ಅವಳ ಸೀರೆಯೊಂದು ಇನ್ನೂ ಅಲ್ಲಿಯ ಬಟ್ಟೆ ಹಾಕುವ ಗಳುವಿನ ಮೇಲಿತ್ತು.

ಇಂಗ್ಲಿಷಿನ ಅರ್ಜಿ ತುಂಬಲು, ತಮಿಳಿನಲ್ಲಿ ಮಾತಾಡಲು ನಾನು ಜೊತೆಗೆ ಹೊರಟೆ. ಹೊರಡುವ ಮುಂಚೆ ಅರ್ಜಿಯನ್ನು ತೋರಿಸಿ, “ಇಲ್ಲಿ ನೀನು ಪರದೇಶಿ ಅಂತ ಬರ್ದಿದ್ದೀನಿ ಮಾವ” ಅಂದೆ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದವನು, “ಅದು ನಿಮ್ಮತ್ತೆ ಹೋದಾಗ್ಲೇ ಆದ್ನಲ್ಲೋ” ಅಂದ.

ಬೆಳಿಗ್ಗೆ ಏಳಕ್ಕೆ ಬಸ್ಸು ಹೊರಡಬೇಕು. ಮಾಘ ಮಾಸದ ಚಳಿ; ಮಂಜಿನಲ್ಲಿ ಹೊಸೂರಿನ ಬೀದಿಯ ಆ ತುದಿ ಈ ತುದಿಗೆ ಕಾಣುತ್ತಿರಲಿಲ್ಲ. ಯುದ್ಧದಿಂದಾಗಿ ಪೆಟ್ರೋಲಿಗೆ ಬರ. ನಮ್ಮದು ಇದ್ದಿಲ ಬಸ್ಸು. ಹಿಂದೆ ಕಟ್ಟಿದ ದೊಡ್ಡ ಡಬ್ಬಿಗೆ ಇದ್ದಿಲು ತುಂಬಿ ಬೆಂಕಿ ಕೊಟ್ಟು, ಗಾಳಿಯ ಚಕ್ರವನ್ನು ಅರ್ಧ ಗಂಟೆ ತಿರುಗಿಸಿದರೆ ಅದು ಕೆಮ್ಮಿ ಕ್ಯಾಕರಿಸಿ ಎಚ್ಚರಾಗುತ್ತದೆ. ಕೃಷ್ಣಗಿರಿಗೆ ಮೂವತ್ತೆರಡು ಮೈಲಿ, ಟಿಕೆಟ್ಟು ಹದಿಮೂರಾಣೆ. ಏರು ಬಂದಲ್ಲಿ ಇಳಿದು ತಳ್ಳುವ ಸುಖ ಬಿಟ್ಟಿ.

ಮಾವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸೀಟು ಹತ್ತಿದ. ಈಚೆಗೆ ಯಾವಾಗಲೂ ಹಾಗೇ. “ಗರ್ಭಗುಡೀಗೆ ಹೋಯ್ತಾ ಅವ್ನೆ” ಎಂದು ನಾನು ಎಷ್ಟೋ ಸಲ ಅಣಕಿಸಿದ್ದೆ. ಕಂಡಕ್ಟರ್ ಖಾದರನದು ಇನ್ನೊಂದು ವಿಚಿತ್ರ. ಬೇರೆ ಕಂಡಕ್ಟರುಗಳು ಸೀಟಿ ಊದುತ್ತಾರೆ, ಇಲ್ಲವೇ ಬಸ್ಸಿನ ಬೆನ್ನಿಗೆ ಬಡಿಯುತ್ತಾರೆ. ಇವನು ಡ್ರೈವರನ ಸೀಟಿನ ಹಿಂದೆ ನಿಂತು ಕಾಲಿನಿಂದ ತಳದ ಹಲಗೆಯನ್ನು ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದರೆ ನಿಲ್ಲು, ಎರಡು ಸಲಕ್ಕೆ ಹೊರಡು. ಆ ಕುಣಿತವನ್ನೂ ನಾನು ಮಾಡಿ ತೋರಿಸಿದೆ. ಬಸ್ಸಿನವರೆಲ್ಲ ನಕ್ಕರು. ಖಾದರ ನಗಲಿಲ್ಲ. “ಸಾಕು ಸುಮ್ಕಿರಪ್ಪ, ಎಲ್ಲಾದ್ಕೂ ಹಲ್ಲು ಕಿರೀಬಾರ್ದು” ಅಂದ.

ಹೊಸೂರು ಬಿಟ್ಟು ಮೂರು ನಾಲ್ಕು ಮೈಲಿ ಹೋದ ಮೇಲೆ ಬಿಸಿಲು ಕಂಡಿತು. ಸೂಳಗಿರಿಗೆ ಇನ್ನೆರಡು ಮೈಲಿ ಇರುವಾಗ ನಮ್ಮ ಹಿಂದೆ ಒಂದು ಮಿಲಿಟರಿ ಲಾರಿ ಬಂತು. ಹಾರನ್ನು ಹೊಡೆಯಿತು. ಮಾವ ಪಕ್ಕಕ್ಕೆ ಹೋಗಲಿಲ್ಲ. ಮತ್ತೆ ಹೊಡೆಯಿತು, ಬಿಡದೆ ಹೊಡೆಯಿತು. ಮಾವ ರಸ್ತೆಯ ನಡುವೆ ಮದುವಣಿಗನಂತೆ ಹೋಗುತ್ತಲೇ ಇದ್ದ. ನನಗೆ ಖುಷಿಯೋ ಖುಷಿ. “ಬಿಡಬ್ಯಾಡ ಮಾವ! ಬಿಳೀ ದೊರೆಗಳು ಒಸಿ ಧೂಳು ಕುಡೀಲಿ!” ಎಂದು ಕೂಗಿ, ಆ ಹಾರನ್ನಿನ ದನಿಯನ್ನೂ ಮಾಡಿದೆ. ತಳಿ ಊರಿನ ಕಡೆಯ ಹೂವಿನಾಕೆ ಒಬ್ಬಳು ಬುಟ್ಟಿ ತಬ್ಬಿಕೊಂಡು ನಕ್ಕಳು. ಒಂದು ಮೈಲಿಯ ಮೇಲೆ ರಸ್ತೆ ಅಗಲವಾದಲ್ಲಿ ಲಾರಿ ನಮ್ಮನ್ನು ಸವರಿಕೊಂಡೇ ಮುಂದೆ ಹೋಯಿತು. ಸಿಪಾಯಿಯೊಬ್ಬ ಮುಷ್ಟಿ ತೋರಿಸಿ ಏನೋ ಬೈದ. ಮಾವ ಅವನಿಗೆ ಕೈಯೆತ್ತಿ ಸಲಾಮು ಮಾಡಿದ. ಎಂಥ ಗತ್ತು ಅಂದುಕೊಂಡೆ.

ಸೂಳಗಿರಿಯಲ್ಲಿ ಇದ್ದಿಲು ಕೆದಕಲು ಇಪ್ಪತ್ತು ನಿಮಿಷ. ಸಕ್ಕರೆ ಇಲ್ಲದ ಕಾಲ. ಬೆಲ್ಲದ ಕಾಫಿ ಕುಡಿದೆವು. ಅಲ್ಲಿಂದ ಇಳುಕಲು. ಸ್ವೆಟರು ಬಿಚ್ಚಿ ಮಡಿಲಲ್ಲಿಟ್ಟುಕೊಂಡವರು ಕೃಷ್ಣಗಿರಿ ಮುಟ್ಟುವ ಹೊತ್ತಿಗೆ ಅಂಗಿಯ ಗುಂಡಿಗಳನ್ನೂ ಬಿಚ್ಚಿದ್ದೆವು. ಮಾವಿನ ತೋಪುಗಳು ಹೂ ಬಿಟ್ಟಿದ್ದವು. ಕೋಟೆಯ ಬಂಡೆ ಆಗಲೇ ಕಾದು ಬಿಳಿಚಿಕೊಂಡಿತ್ತು.

ಇನ್‌ಸ್ಪೆಕ್ಟರ ಕ್ಯಾಂಪು ಪ್ರವಾಸಿ ಬಂಗಲೆಯಲ್ಲಿ. ಪ್ರಯಾಣಿಕರನ್ನು ಊರೊಳಗೆ ಇಳಿಸಿ, ಪರೀಕ್ಷೆಗೆಂದು ಬಸ್ಸನ್ನು ಅಲ್ಲಿಗೇ ತಂದು ನಿಲ್ಲಿಸಿದೆವು. ಜಗುಲಿಯ ಮೇಲೆ ಹತ್ತು ಹನ್ನೆರಡು ಮಂದಿ ಡ್ರೈವರುಗಳು ಗೋಡೆಗೊರಗಿ ಕೂತಿದ್ದರು. ಇನ್‌ಸ್ಪೆಕ್ಟರು ಒಳಗಿನಿಂದ ಒಬ್ಬೊಬ್ಬರನ್ನೇ ಕೂಗುತ್ತಿದ್ದರು. ಮೊದಲು ಎರಡು ಸಲ “ಹ್ಹುಂ, ಹ್ಹುಂ” ಎಂದು ಗಂಟಲು ಸರಿಮಾಡಿಕೊಂಡು, ಆಮೇಲೆ ಮೂಗಿನಲ್ಲಿ ಹೆಸರನ್ನು ಎಳೆದು, ಕೊನೆಗೆ “ಉಳ್ಳೇ ವಾ!” ಎಂದು ಬಾಗಿಲು ಬಡಿದಂತೆ ಮುಗಿಸುತ್ತಿದ್ದರು. ಒಳಗೆ ಬಾ ಎಂದು ಕರೆಯುವುದೋ, ಹೊರಗೆ ಹೋಗು ಎಂದು ಗದರುವುದೋ ತಿಳಿಯುತ್ತಿರಲಿಲ್ಲ. ಇಂಥ ದನಿ ನನ್ನ ಕಿವಿಗೆ ಬಿದ್ದರೆ ಹಸಿದವನಿಗೆ ಎಲೆ ಹಾಕಿದ ಹಾಗೆ.

ಬಿಸಿಲು ಏರಿತು. ಎಲ್ಲರೂ ತೂಕಡಿಸುತ್ತಿದ್ದರು. ಮಾವ ನಮಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತು ತನ್ನ ಬಸ್ಸನ್ನೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಕಂಬದ ಮರೆಗೆ ಸರಿದು ಮೂಗು ಹಿಡಿದುಕೊಂಡೆ.

“ಹ್ಹುಂ, ಹ್ಹುಂ. ಮುನಿವೆಂಕಟಪ್ಪಾ! ಆನೇಕಲ್ ಮುನಿವೆಂಕಟಪ್ಪಾ! ಉಳ್ಳೇ ವಾ!”

ಜಗುಲಿಗೆ ಜಗುಲಿಯೇ ಬೆಚ್ಚಿ ಎದ್ದಿತು. ಒಬ್ಬ ರುಮಾಲು ಕೆಡವಿಕೊಂಡ. ಇನ್ನೊಬ್ಬ ತನ್ನ ಹೆಸರಲ್ಲದಿದ್ದರೂ “ಬಂದೆ ಸಾರ್” ಎಂದು ಎರಡು ಹೆಜ್ಜೆ ಓಡಿದ. ಆಮೇಲೆ ನನ್ನನ್ನು ಕಂಡು ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾವನ ನಗುವಿಗಾಗಿ ಆ ಕಡೆ ನೋಡಿದೆ. ಅವನ ಬೆನ್ನು ಅಲುಗಲಿಲ್ಲ.

ಮಾವ ಕೇಳಿಸಿಕೊಂಡಿಲ್ಲವೆಂದು ಇನ್ನೊಮ್ಮೆ, ಜೋರಾಗಿ ಕೂಗಿದೆ. ಈ ಸಲ ಯಾರೂ ನಗಲಿಲ್ಲ. ಬಾಗಿಲಲ್ಲಿ ಇನ್‌ಸ್ಪೆಕ್ಟರು ನಿಂತಿದ್ದರು. ತಮ್ಮ ದನಿ ಹೊರಗಿನಿಂದ ಬರುವುದನ್ನು ಕೇಳಿ ಎದ್ದು ಬಂದಿದ್ದರು. ನನ್ನನ್ನು ನೋಡಿದರು, ನಿಂತಿದ್ದ ಅಷ್ಟೂ ಡ್ರೈವರುಗಳನ್ನು ನೋಡಿದರು, ಆಮೇಲೆ ಕದಲದೆ ಕೂತಿದ್ದ ಆ ಒಂದು ಬೆನ್ನನ್ನು ನೋಡಿದರು.

“ಮುನಿವೆಂಕಟಪ್ಪ ಯಾರು?” ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ನಮ್ಮೆಲ್ಲರ ಕಣ್ಣುಗಳು ಹೇಳಿಬಿಟ್ಟವು.

ಅಷ್ಟರಲ್ಲಿ ಮಾವ ಎದ್ದು, ನಮ್ಮ ಕಡೆ ತಿರುಗದೆಯೇ ಬಸ್ಸಿನ ಮುಂದಕ್ಕೆ ಹೋಗಿ ಹೆಗಲ ವಸ್ತ್ರದಿಂದ ದೀಪದ ಗಾಜು ಒರೆಸತೊಡಗಿದ. ಇನ್‌ಸ್ಪೆಕ್ಟರು ಮೆಟ್ಟಿಲಿಳಿದು ಅವನ ಹಿಂದೆ ಹೋದರು. ಹೆಸರು ಹಿಡಿದು ಕರೆದರು. ಕೈ ತಟ್ಟಿದರು. ಕೊನೆಗೆ ಬಸ್ಸಿನ ಪಕ್ಕಕ್ಕೆ ಬಿಗಿದಿದ್ದ ಹಾರನ್ನಿನ ರಬ್ಬರು ಚೆಂಡನ್ನು ಹಿಡಿದು ಹಿಸುಕಿದರು. ಹದಿನಾರು ವರ್ಷ ಮಾವನ ಕೈಯೇ ಹಿಸುಕಿದ ಹಾರನ್ನು ಅದು. ಅವನ ಬೆನ್ನ ಹಿಂದೆ, ಎರಡು ಮೊಳ ದೂರದಲ್ಲಿ ಕೂಗಿತು. ಬಸ್ಸಿನೊಳಗಿದ್ದ ಖಾದರ ಹಲಗೆಯ ಮೇಲೆ ಕುಟ್ಟಲು ಕಾಲೆತ್ತಿದ. ಆದರೆ ಮಾವ ನಿಂತಿದ್ದದ್ದು ನೆಲದ ಮೇಲೆ. ಎತ್ತಿದ ಕಾಲನ್ನು ಹಾಗೇ ಇಳಿಸಿದ.

ಯುದ್ಧದ ನಿಯಮದಂತೆ ದೀಪದ ಮೇಲರ್ಧಕ್ಕೆ ಕಪ್ಪು ಬಳಿದಿತ್ತು. ಒರೆಸಿದ ಕೆಳಗಿನ ಅರ್ಧದಲ್ಲಿ ನಮ್ಮೆಲ್ಲರ ಮುಖಗಳು ಕಂಡಿರಬೇಕು. ಮಾವ ಥಟ್ಟನೆ ತಿರುಗಿದ. ಇನ್‌ಸ್ಪೆಕ್ಟರ ಕೈಯಲ್ಲಿ ಹಾರನ್ನು ನೋಡಿದ. “ಬಂದೆ ಸಾರ್” ಎಂದು ನಕ್ಕ. ನನ್ನ ನಕಲುಗಳಿಗೆ ನಗುತ್ತಿದ್ದ ಅದೇ ನಗು.

ಒಳಗೆ ಇನ್‌ಸ್ಪೆಕ್ಟರು ಮಾವನನ್ನು ಎದುರಿಗೆ ಕೂರಿಸಿಕೊಂಡು, ಬಾಯಿ ದೊಡ್ಡದಾಗಿ ತೆರೆದು ನಿಧಾನವಾಗಿ ಮಾತಾಡಿದರು. ಆಗ ಎಲ್ಲ ಹೊರಬಿತ್ತು. ಎರಡು ವರ್ಷದ ಹಿಂದೆ ಇದ್ದಿಲ ಡಬ್ಬಿಯ ಮುಚ್ಚಳ ತೆಗೆಯುವಾಗ ಗ್ಯಾಸು ಢಂ ಎಂದಿದ್ದು ನಮಗೆಲ್ಲ ಗೊತ್ತಿತ್ತು. ಹುಬ್ಬು ಸುಟ್ಟಿದ್ದು ಕಂಡಿತ್ತು, ಅದಕ್ಕೂ ನಾನೊಂದು ಅಣಕು ಕಟ್ಟಿದ್ದೆ. ಕಿವಿ ಹೋದದ್ದು ಖಾದರನೊಬ್ಬನಿಗೆ ಗೊತ್ತಿತ್ತು. ಆ ಹೊತ್ತಿನಿಂದ ಅವರಿಬ್ಬರ ನಡುವೆ ಈ ಕುಟ್ಟುವ ಏರ್ಪಾಡು.

“ಇವರ ಕೈಗೆ ಸಮ ಇಲ್ಲ. ಒಂದು ಅಪಘಾತ ಇಲ್ಲ,” ಎಂದು ಇನ್‌ಸ್ಪೆಕ್ಟರು ಹಳೆಯ ಲೈಸೆನ್ಸಿನ ಹಾಳೆಗಳನ್ನು ತಿರುವಿದರು. “ಆದರೆ ಜನ ಕೂರುವ ಗಾಡಿ. ನಾನು ಕೊಡುವ ಹಾಗಿಲ್ಲ.” ಪರದೇಶಿ ಎಂದು ನಾನು ಬರೆದಿದ್ದ ಸಾಲಿನ ಕೆಳಗೆ ಕೆಂಪು ಮಸಿಯಲ್ಲಿ ಏನೋ ಗೀಚಿ, ನನ್ನ ಕಡೆ ತಿರುಗಿದರು. “ನಲ್ಲಾ ಪಣ್ರೇ, ತಂಬಿ. ಎನ್ ಕೊರಲೇದಾನ್.” ಚೆನ್ನಾಗಿ ಮಾಡ್ತೀಯ ತಮ್ಮಾ, ಥೇಟ್ ನನ್ನದೇ ದನಿ, ಎಂದರ್ಥ. ಇಷ್ಟು ವರ್ಷದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ. ತಲೆ ಎತ್ತಲಾಗಲಿಲ್ಲ.

ಮೂರು ಗಂಟೆಗೆ ಬಸ್ಸು ವಾಪಸು ಹೊರಟಿತು. ಕೃಷ್ಣಗಿರಿಯಲ್ಲಿದ್ದ ಯಜಮಾನರ ಇನ್ನೊಬ್ಬ ಡ್ರೈವರು ಚಕ್ರ ಹಿಡಿದ. ಮಾವ ಮೊದಲ ಸಲ ಪ್ರಯಾಣಿಕನಾಗಿ ನನ್ನ ಪಕ್ಕ ಕೂತ. ಇಲ್ಲೂ ಚಪ್ಪಲಿ ಬಿಟ್ಟು ಪಾದಗಳನ್ನು ಹಲಗೆಗೆ ಊರಿದ. ಏರಿನಲ್ಲಿ ಬಸ್ಸು ಏದುಸಿರು ಬಿಡತೊಡಗಿದಾಗ ಅವನ ಎಡಗಾಲು ತಾನಾಗಿ ಕ್ಲಚ್ಚು ಒತ್ತಿತು. “ಎರಡ್ನೇ ಗೇರಿಗೆ ಹಾಕ್ಬೇಕಿತ್ತು,” ಅಂದ, ಯಾರಿಗೂ ಅಲ್ಲ. ಒಂದು ಗಳಿಗೆಯಲ್ಲಿ ಹೊಸ ಡ್ರೈವರು ಅದನ್ನೇ ಹಾಕಿದ. ಅಲ್ಲಿಗೆ ನನಗೆ ಗರ್ಭಗುಡಿಯ ಗುಟ್ಟು ತಿಳಿಯಿತು: ಮಾವ ಇಂಜಿನ್ನನ್ನು ಕೇಳುತ್ತಿದ್ದದ್ದು ಅಂಗಾಲಿನಿಂದ.

ಖಾದರ ಅಭ್ಯಾಸಬಲದಿಂದ ಹಲಗೆ ಕುಟ್ಟಿದ. ಹೊಸ ಡ್ರೈವರು ತಿರುಗಿ, “ಏನಯ್ಯಾ, ಇಲಿ ಹೊಡೀತಿದೀಯಾ? ಸೀಟಿ ಊದು” ಅಂದ. ಖಾದರ ಜೇಬೆಲ್ಲ ತಡಕಿದ. ಅವನ ಹತ್ತಿರ ಸೀಟಿಯೇ ಇರಲಿಲ್ಲ.

ಸೂಳಗಿರಿ ದಾಟಿದ ಮೇಲೆ ಹಿಂದಿನಿಂದ ಮತ್ತೊಂದು ಮಿಲಿಟರಿ ಲಾರಿ. ಒಂದೇ ಹಾರನ್ನಿಗೆ ನಮ್ಮ ಬಸ್ಸು ಪಕ್ಕಕ್ಕೆ ಸರಿಯಿತು, ಲಾರಿ ಹೊರಟುಹೋಯಿತು. ಮಾವ ಕಿಟಕಿಯಿಂದ ಅದನ್ನು ನೋಡಿ ನನ್ನ ಕಡೆ ತಿರುಗಿದ.

“ಬೆಳಿಗ್ಗೆ ಬಂತಲ್ಲ, ಆ ಲಾರಿನೂ ಹಾರನ್ ಹೊಡೀತಾ?”

ಹೂಂ ಎಂದು ತಲೆಯಾಡಿಸಿದೆ.

“ಎಷ್ಟು ದೂರ?”

ಒಂದು ಬೆರಳು ತೋರಿಸಿದೆ. “ಒಂದು ಮೈಲಿ.”

ಮಾವ ಬಸ್ಸಿನೊಳಗೆ ಕಣ್ಣಾಡಿಸಿದ. ಬೆಳಗಿನ ಹೂವಿನಾಕೆ ಖಾಲಿ ಬುಟ್ಟಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳನ್ನು ಬಹಳ ಹೊತ್ತು ನೋಡಿದ.

ಸಂಜೆ ಬಿಸಿಲು ಕಿಟಕಿಗಳನ್ನು ತುಂಬಿತ್ತು. ನನ್ನ ಮುಖ ಅವನಿಗೆ ಕಾಣುವ ಹಾಗೆ ಬಗ್ಗಿ ಕೇಳಿದೆ: “ಕೇಳ್ದೇ ಇದ್ರೆ ನನ್ ನಕಲಿಗೆಲ್ಲ ಯಾಕ್ ನಗ್ತಿದ್ದೆ ಮಾವ?”

“ನೀನು ಮೋರೆ ಹಂಗ್ ಸೊಟ್ಟ ಮಾಡ್ತಿದ್ಯಲ್ಲ,” ಅಂದ. “ನಮ್ಮಕ್ಕ ಚಿಕ್ಕೋಳಾಗಿದ್ದಾಗ ಥೇಟ್ ಹಂಗೇ ಅಳೋಳು.”

ಹೊಸೂರಿನ ಬೆಟ್ಟದ ಮೇಲಿನ ಗುಡಿ ಕಂಡಿತು. ಇನ್ನು ಸ್ವಲ್ಪ ಹೊತ್ತಿಗೆ ಶೆಡ್ಡು, ಕೋಣೆ, ಗಳುವಿನ ಮೇಲಿನ ಸೀರೆ. ಏನಾದರೂ ಮಾಡಿ ನನ್ನ ತಪ್ಪನ್ನು ತಿದ್ದಬೇಕಿತ್ತು. ತಡೆತಡೆದು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದೆ. ಬೆಂಗಳೂರಿಗೆ ಹೋಗೋಣ. ಅಲ್ಲಿಯವರಿಗೆ ನೀನು ಪರದೇಶಿಯಲ್ಲ, ಹಳೆಯ ಗಿರಾಕಿ. ಕಿವಿ ನೋಡದೆ ಮೊಹರು ಒತ್ತಿಕೊಡುತ್ತಾರೆ. ನಾನು ಎದುರಿಗೆ ನಿಂತು ಅವರು ಕೇಳಿದ್ದನ್ನೆಲ್ಲ ತುಟಿಯಲ್ಲಿ ಹೇಳಿಕೊಡುತ್ತೇನೆ. ಆನೇಕಲ್ ಕಡೆ ಬಸ್ಸುಗಳಿಗೇನು ಕೊರತೆ?

ಮಾವ ನನ್ನ ತುಟಿಯಿಂದ ಕಣ್ಣು ಕೀಳದೆ ಕೊನೆಯವರೆಗೂ ಕೇಳಿದ. ಆಮೇಲೆ ಬಗ್ಗಿ ಚಪ್ಪಲಿಗಳನ್ನು ಹುಡುಕಿ ಕಾಲಿಗೆ ಹಾಕಿಕೊಂಡ.

“ಗಡಿ ದಾಟ್ಬುಟ್ರೆ ಕಿವಿ ಬತ್ತದೇನ್ಲಾ?” ಅಂದ.