ಕೋಟೆಯ ಸಭೆಯಲ್ಲಿ ತಮ್ಮ ಹೇಳಿದ ಸಾಕ್ಷಿ

ಭಾನುವಾರ ಬೆಳಿಗ್ಗೆ ಹುಣಸೂರಿನಲ್ಲಿ ಕೋಟೆಯ ಬಸ್ಸು ಹತ್ತಿದೆವು. ಆಧಾರ್ ತೋರಿಸಿದ್ದಕ್ಕೆ ನನಗೆ ಉಚಿತ ಟಿಕೆಟ್, ತಮ್ಮ ಜಯರಾಜನಿಗೆ ಮಾತ್ರ ದುಡ್ಡು. ಹೆಗ್ಗಡದೇವನಕೋಟೆಯ ಒಂದು ಪುಟ್ಟ ಪ್ರಾರ್ಥನಾ ಮಂದಿರದವರು ಸಾಕ್ಷಿ ಹೇಳಲು, ಅಂದರೆ ದೇವರು ತನ್ನ ಬಾಳಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಲು, ಅವನನ್ನು ಕರೆದಿದ್ದರು. ಗಾರೆ ಕೆಲಸದ ಜಯರಾಜ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಆ ಸುದ್ದಿ ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲೆಲ್ಲ ಹಬ್ಬಿತ್ತು. ಅವನು ತೊಟ್ಟಿದ್ದ ಬಿಳಿ ಅಂಗಿಯನ್ನು ನಾನೇ ಹೊಲಿದಿದ್ದೆ.

ಊರು ದಾಟುತ್ತಿದ್ದಂತೆ ಸಣ್ಣ ಮಳೆ ಹಿಡಿಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಹೊಗೆ ಮೇಲೇಳಲಾರದೆ ಹೊಲಗಳ ಮೇಲೇ ಹರಡಿಕೊಂಡಿತ್ತು. ಗುರುಪುರದಲ್ಲಿ ಇಬ್ಬರು ಟಿಬೆಟನ್ ಅಜ್ಜಿಯರು ಹತ್ತಿ, ಜಪಮಣಿ ತಿರುಗಿಸುತ್ತಾ ನಮ್ಮ ಮುಂದೆ ಕೂತರು. ಜಯರಾಜ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಾಯಿಬಿಟ್ಟ.

"ಅಕ್ಕ, ಬುಧವಾರ ಕುಡ್ದೆ ಕಣೆ."

ಜಗಳವಾಗಿರಲಿಲ್ಲ, ಯಾರೂ ಸತ್ತಿರಲಿಲ್ಲ. ಕೆಲಸ ಮುಗಿಸಿ ಬರುವಾಗ ಕಾಲು ಅಂಗಡಿಯ ಕಡೆ ತಿರುಗಿತಂತೆ, ಅಷ್ಟೆ.

"ಅಲ್ಲಿ ಯೇಳ್ಬೇಡ ಕಣೋ," ಎಂದೆ. "ಅಳೇ ಕತೆ ಅಷ್ಟೇ ಯೇಳಿ ಇಳ್ದುಬುಡು."

ಅವನು ಮಳೆ ಬೀಳುತ್ತಿದ್ದ ಕಿಟಕಿಯ ಗಾಜು ಎಳೆದು ಮುಚ್ಚಿದ.

ಕೋಟೆಯಲ್ಲಿ ಸಭೆ ನಡೆಸುವ ಪಾದ್ರಿ ಅಯ್ಯನವರು ತಮ್ಮ ಮನೆಗೇ ಕರೆದು ಬಿಸಿ ಇಡ್ಲಿ, ಕಾಯಿ ಚಟ್ನಿ ಕೊಟ್ಟರು. ತಿನ್ನುವ ಮೊದಲೇ ಜಯರಾಜ ಅವರಿಗೂ ಬುಧವಾರದ ಸಂಗತಿ ಹೇಳಿಬಿಟ್ಟ. ಅವರು ಚಟ್ನಿಯ ಬಟ್ಟಲನ್ನು ಕೆಳಗಿಟ್ಟರು.

"ಅದನ್ನು ಹೇಳಬೇಡಪ್ಪ. ಈಗ ತಾನೇ ಕುಡಿತ ಬಿಟ್ಟಿರೋರು ಬಂದಿದ್ದಾರೆ, ಅವರ ಹೆಂಡ್ತೀರೂ ಬಂದಿದ್ದಾರೆ. ನೀನು ಬಿದ್ದೆ ಅಂದ್ರೆ ಅವರಿಗೂ ಒಂದು ನೆಪ ಸಿಗುತ್ತೆ."

"ನೆಟ್ಟಗೆ ನಿಂತಿವ್ನಿ ಅಂತ ಸುಳ್ಳು ಯೇಳುದ್ರೆ, ನಾಳೆ ಬಿದ್ದೋನು ಯಾರ್ ತಾವ ಓಯ್ತಾನೆ ಅಯ್ನೋರೆ?"

ಅವರ ಮಾತು ನನಗೆ ತಪ್ಪೆನಿಸಲಿಲ್ಲ. ಇವನದೂ ತಪ್ಪೆನಿಸಲಿಲ್ಲ.

ಮಂದಿರ ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂತಿದ್ದೆವು. ಜಯರಾಜ ವೇದಿಕೆ ಹತ್ತಿ ಮೈಕನ್ನು ಪಕ್ಕಕ್ಕೆ ಸರಿಸಿ ನಿಂತ.

"ಎರಡು ವರ್ಷ ಮುಟ್ನಿಲ್ಲ. ಓದ ಬುಧವಾರ ಮತ್ತೆ ಕುಡ್ದೆ. ಗುರುವಾರ ಬೆಳಿಗ್ಗೆ ಅದೇ ವಾಸನೆ ಬಾಯಲ್ಲಿ ಪ್ರಾರ್ಥನೆ ಮಾಡ್ದೆ. ಬಾಯಿ ತೊಳ್ಕಂಡು ಬಾ ಅಂತ ಕರ್ತ ನಂಗೆ ಯೇಳ್ನಿಲ್ಲ. ಇನ್ನು ಬೀಳಾಕಿಲ್ಲ ಅಂತ ಆಣೆ ಇಕ್ಕಾಕೂ ನಾನು ಬಂದಿಲ್ಲ. ಬಿದ್ರೂ ಅವನ ಕೈ ಬುಡಾಕಿಲ್ಲ. ಅಷ್ಟೇ ನನ್ ಸಾಕ್ಷಿ."

ಸಾಕ್ಷಿ ಮುಗಿದಾಗ ಎಲ್ಲರೂ ಕೂಗುವ 'ಸ್ತೋತ್ರ' ಯಾರ ಬಾಯಿಂದಲೂ ಬರಲಿಲ್ಲ. ಹಿಂದಿನಿಂದ ಒಬ್ಬರು, "ಇಳಿಯಪ್ಪ ಕೆಳಗೆ," ಎಂದರು.

"ಇಳೀತೀನಿ. ಸಭೆ ಬುಟ್ಟು ಓಗಾಕಿಲ್ಲ," ಎಂದು ಅವನು ಎಲ್ಲರಿಗಿಂತ ಮುಂದೆ ಹೋಗಿ ಕೂತ.

ಆಮೇಲೆ ಕರ್ತನ ಭೋಜನ, ಸಭೆಯವರೆಲ್ಲ ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವ ಆಚರಣೆ. ಸಭೆಯ ಹಿರಿಯರೊಬ್ಬರು ರೊಟ್ಟಿಯ ತಟ್ಟೆ ಹಿಡಿದು ಗಂಡಸರ ಸಾಲಿನಲ್ಲಿ ಬಂದರು. ಜಯರಾಜ ಕೈ ಒಡ್ಡಿದ. ಹಿರಿಯರು ಅವನನ್ನು ದಾಟಿ ಪಕ್ಕದವನಿಗೆ ಕೊಟ್ಟರು. ಅವನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ತಟ್ಟೆ ಸಾಲಿನ ಕೊನೆ ಮುಟ್ಟಿ, ಹೆಂಗಸರ ಕಡೆ ಬಂದು, ನನ್ನ ಕೈಗೆ ತುಂಡು ಬೀಳುವವರೆಗೂ ಆ ಕೈ ಹಾಗೇ ಇತ್ತು.

ನಾನು ಎದ್ದು ನಡುವಿನ ಜಾಗ ದಾಟಿದೆ.

"ಅಮ್ಮಾ, ಅದು ಗಂಡಸ್ರ ಕಡೆ," ಎಂದರು ಹಿರಿಯರು.

"ಗೊತ್ತು ಕಣಣ್ಣ," ಎಂದು ತಮ್ಮನ ಪಕ್ಕದಲ್ಲೇ ಕೂತೆ. ತುಂಡನ್ನು ಮುರಿದು ಅರ್ಧ ಅವನ ಅಂಗೈಯಲ್ಲಿಟ್ಟೆ. ಇಬ್ಬರೂ ತಿಂದೆವು. ಅಯ್ಯನವರು ನೋಡಿದರು, ತಡೆಯಲಿಲ್ಲ.

ಹೊರಡುವಾಗ ಅಯ್ಯನವರು ಗೇಟಿನವರೆಗೆ ಬಂದರು. "ಇನ್ನೊಂದು ಸಲ ಕರೆಯೋದು ಕಷ್ಟ ಆಗುತ್ತಪ್ಪ," ಎಂದರು ಮೆಲ್ಲಗೆ.

"ಕರೀಬ್ಯಾಡಿ ಅಯ್ನೋರೆ," ಎಂದ ಜಯರಾಜ. "ಬತ್ತೀನಿ."

"ಇಬ್ರೂ ಬತ್ತೀವಿ," ಎಂದೆ ನಾನು.

ಬಸ್ ನಿಲ್ದಾಣದ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗೇಟಿನಲ್ಲಿ ರೊಟ್ಟಿ ಹಂಚಿದ ಆ ಹಿರಿಯರು ಅಯ್ಯನವರ ಜೊತೆ ಕೈಯಾಡಿಸುತ್ತಾ ಏನೋ ವಾದಿಸುತ್ತಿದ್ದರು. ಅಯ್ಯನವರು ಮಳೆಯಲ್ಲಿ ನಿಂತು ನಮ್ಮ ಕಡೆಯೇ ನೋಡುತ್ತಿದ್ದರು.