ಬೆನ್ನುರಾಜನ ನಿಲುವಂಗಿ

ಸಿನಿಮಾದವರಿಗೆ ಉಡುಪು ಹೊಲಿಯುವ ಆ ಹೆಂಗಸಿನ ನಿಜವಾದ ಹೆಸರು ಸ್ಟುಡಿಯೋದಲ್ಲಿ ಯಾರಿಗೂ ನೆನಪಿರಲಿಲ್ಲ. ಕೈಯಲ್ಲೊಂದು ಸೂಜಿ, ನಾಲಿಗೆಯಲ್ಲಿ ಇನ್ನೊಂದು ಎಂದು ಎಲ್ಲರೂ ಅವಳನ್ನು ಸೂಜಕ್ಕ ಎಂದೇ ಕರೆಯುತ್ತಿದ್ದರು. ಅವಳ ಗಂಡನಿಗೂ ಅಲ್ಲೊಂದು ಹೆಸರು ಬಿದ್ದಿತ್ತು, ಬೆನ್ನುರಾಜ. ರಾಜರ ಕಾಲದ ಸಿನಿಮಾಗಳಲ್ಲಿ ನಾಯಕನಟ ಕುದುರೆ ಹತ್ತಿ, ನಾಲ್ಕು ಹೆಜ್ಜೆ ಹೋಗಿ, ಇಳಿದು ಕೊಡೆಯ ಕೆಳಗೆ ಕೂರುತ್ತಿದ್ದ. ಆಮೇಲೆ ಅಂಥದೇ ಉಡುಪು ತೊಟ್ಟು ಅದೇ ಕುದುರೆಯನ್ನು ಬೆಂಕಿಯ ನಡುವೆ ಹಾರಿಸುತ್ತಿದ್ದವನು ಸೂಜಕ್ಕನ ಗಂಡ. ಅವನಿಗಿದ್ದ ಕಟ್ಟಪ್ಪಣೆ ಒಂದೇ, ಕ್ಯಾಮೆರಾದ ಕಡೆ ಮುಖ ತಿರುಗಿಸಬಾರದು. ಬೆನ್ನು ರಾಜನದು, ಮುಖ ಮನೆಯವರದು ಎಂದು ಅವನೇ ತಮಾಷೆ ಮಾಡಿಕೊಳ್ಳುತ್ತಿದ್ದ.

ಹೀಗಾಗಿ ಸೂಜಕ್ಕ ರಾಜನ ಪ್ರತಿಯೊಂದು ನಿಲುವಂಗಿಯನ್ನೂ ಎರಡೆರಡು ಹೊಲಿಯಬೇಕಿತ್ತು. ನಟನ ಅಂಗಿಯ ಎದೆ ತುಂಬ ಬಂಗಾರದ ಬಣ್ಣದ ದಾರದಲ್ಲಿ ಬಳ್ಳಿ, ಹೂವು, ನಡುವೆ ದೊಡ್ಡ ಸೂರ್ಯ. ಬೆನ್ನಿಗೆ ಎರಡು ಗೆರೆ ಎಳೆದರೆ ಮುಗಿಯಿತು. ಗಂಡನ ಅಂಗಿ ಇದಕ್ಕೆ ತದ್ವಿರುದ್ಧ. ಬೆನ್ನ ಮೇಲೆ ಬಳ್ಳಿಯೇನು, ಹೂವೇನು, ಎದೆ ಮಾತ್ರ ಬೋಳು ಬಟ್ಟೆ. ಕಾಣದ ಕಡೆ ದಾರ ದಂಡ ಮಾಡಬಾರದೆಂಬುದು ಆ ಕಸುಬಿನ ಲೆಕ್ಕಾಚಾರ, ಅವಳೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆದರೆ ಒಳಗೆ, ಭುಜಕ್ಕೆ, ಮೊಣಕೈಗೆ, ಸೊಂಟಕ್ಕೆ ಹತ್ತಿಯ ಮೆತ್ತೆ ಇಟ್ಟು, ಒಂದರ ಮೇಲೊಂದು ಹೊಲಿಗೆ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಹಾಕುತ್ತಿದ್ದಳು. ಆ ಮೆತ್ತೆಗಳ ವಿಷಯದಲ್ಲಿ ಅವಳಿಗೆ ಯಾರ ಲೆಕ್ಕಾಚಾರವೂ ಬೇಕಿರಲಿಲ್ಲ.

ಊಟಕ್ಕೆ ಕೂತಾಗ ಗಂಡ ಹೆಂಡತಿಗೆ ಇದೇ ಜಗಳ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಮ್ಮ ಕಸುಬಲ್ಲಿ ಕೆಸರು ನಿಮಗೆ, ಮೊಸರು ಅವನಿಗೆ. ಅಷ್ಟಕ್ಕೂ ಸಿನಿಮಾಕ್ಕೆ ರಾಜ ಯಾಕ್ರೀ ಬೇಕು? ಯುದ್ಧ ಮಾಡೋರು ಸೈನಿಕರು, ಸಾಯೋರು ಸೈನಿಕರು. ಅವರನ್ನೇ ತೋರಿಸಿದ್ರೆ ಆಗಲ್ವಾ?"

ಅವನು ತುತ್ತು ನುಂಗಿ, ಸಾವಧಾನವಾಗಿ ಹೇಳುತ್ತಿದ್ದ. "ಐನೂರು ಜನ ಸುಮ್ನೆ ಓಡಿದ್ರೆ ಅದು ಗಲಾಟೆ ಕಣೇ. ಮುಂದೆ ಒಬ್ಬ ಓಡಿದ್ರೆ ಯುದ್ಧ. ನೋಡೋರಿಗೆ ಕಣ್ಣಿಡೋಕೆ ಒಂದು ಜಾಗ ಬೇಕು. ಅವನು ಹೆದರಿದ್ರೆ ಇವರು ಹೆದರ್ತಾರೆ, ಅವನು ಬಿದ್ದು ಎದ್ರೆ ಇವರೂ ಎದೆ ಸೆಟೆಸಿ ಮನೆಗೆ ಹೋಗ್ತಾರೆ. ಅವನು ಒಬ್ಬನೇ ಮನುಷ್ಯ ಅಂತ ಜನ ನಂಬಬೇಕು. ಅರ್ಧ ಅವನು, ಅರ್ಧ ನಾನು ಅಂತ ಒಂದು ಕ್ಷಣ ಗೊತ್ತಾದ್ರೂ ಸಾಕು, ಎಲ್ಲ ಹೋಯ್ತು."

"ದೊಡ್ಡ ಪಂಡಿತರು. ಸಾರು ಆರ್ತಾ ಇದೆ, ಊಟ ಮಾಡಿ."

ಈ ಜಗಳದಲ್ಲಿ ಅತ್ತೆ ಯಾರ ಪರವೂ ಅಲ್ಲ. ಅವರಿಗೆ ರಾಜನೂ ಬೇಡ, ಸೈನಿಕರೂ ಬೇಡ. ಮಗನ ಪ್ರತಿ ಸಿನಿಮಾಕ್ಕೂ ಸೊಸೆಯ ಕೈ ಹಿಡಿದು ಹೋಗಿ, ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ಕಾದು, ಹೊರಗೆ ಬಂದು ಒಂದೇ ಮಾತು ಹೇಳುತ್ತಿದ್ದರು. "ಈ ಸಲವೂ ತಿರುಗಲಿಲ್ಲ ನೋಡು." ಮನೆಗೆ ಬಂದು ಮಗನ ಗಲ್ಲ ಹಿಡಿದು, "ಇಷ್ಟು ಚಂದದ ಮುಖ ಹೆತ್ತು ಬೆನ್ನು ನೋಡೋ ಹಣೆಬರಹ ನಂದು" ಎನ್ನುತ್ತಿದ್ದರು. "ಒಂದಲ್ಲ ಒಂದು ಸಲ ತಿರುಗ್ತೀನಮ್ಮ" ಎಂದು ಅವನು ಮಾತು ಕೊಟ್ಟಿದ್ದ. ತಾಯಿಗೆ ಕೊಟ್ಟ ಮಾತು ಕೊನೆಗೆ ಉಳಿಯಿತು, ಉಳಿಯಬಾರದ ರೀತಿಯಲ್ಲಿ.

ಕೋಟೆಯ ಬಾಗಿಲು ಮುರಿಯುವ ದೃಶ್ಯ ಅದು. ರಾಜನ ಕುದುರೆ ಉರುಳಿ, ರಾಜ ಮಣ್ಣಿಗೆ ಬಿದ್ದು, ಸೈನ್ಯ ಕಂಗೆಟ್ಟು ನಿಂತಾಗ ಮತ್ತೆ ಎದ್ದು ನಿಲ್ಲಬೇಕು. ಕುದುರೆ ಬೇಕಾದ್ದಕ್ಕಿಂತ ಮೊದಲೇ ಮುಗ್ಗರಿಸಿತು. ಬಿದ್ದವನ ತಲೆಯ ಕವಚ ಹಾರಿಹೋಗಿ, ಮುಖ ನೇರವಾಗಿ ಕ್ಯಾಮೆರಾದ ಕಡೆ ತಿರುಗಿತು. ಎದ್ದು ನಿಲ್ಲುವುದು ಅವನಿಂದಾಗಲಿಲ್ಲ. ಆಸ್ಪತ್ರೆಯಲ್ಲಿ ಅಂಗಿಯನ್ನು ಕತ್ತರಿಯಿಂದ ಸೀಳಿ ತೆಗೆದರು. ಮೆತ್ತೆ ಇದ್ದ ಕಡೆಯೆಲ್ಲ ಮೈ ನೆಟ್ಟಗಿತ್ತು, ಪೆಟ್ಟು ಬಿದ್ದದ್ದು ಕುತ್ತಿಗೆಗೆ. ಕುತ್ತಿಗೆಗೆ ಯಾರು ಮೆತ್ತೆ ಹೊಲಿಯುತ್ತಾರೆ? ವಾರ ಕಳೆಯುವುದರೊಳಗೆ ಅವನು ಹೋಗಿಬಿಟ್ಟ.

ಸಮಾಧಾನ ಹೇಳಲು ಬಂದ ಸ್ಟುಡಿಯೋದವರಲ್ಲಿ ಯಾರೋ ಬಾಯಿ ಬಿಟ್ಟರು. "ಅಜ್ಜಿ, ಬಿದ್ದಾಗ ಅಣ್ಣನ ಮುಖ ಪೂರ್ತಿ ಕಂಡಿದೆ." ಅಂದಿನಿಂದ ಅತ್ತೆಯ ಜೀವ ಆ ಒಂದು ಮಾತಿಗೆ ಜೋತುಬಿತ್ತು. ಅಳು ತಡೆಯಲಾರದೆ ಹೋದಾಗಲೆಲ್ಲ ಸೊಸೆಯನ್ನು ಕರೆದು, "ತಿರುಗಿದಾನಂತೆ ಕಣೇ. ಸಿನಿಮಾ ಬರಲಿ, ನೋಡೋಣ" ಎನ್ನುತ್ತಿದ್ದರು.

ಸೂಜಕ್ಕ ಕೆಲಸಕ್ಕೆ ಮರಳಿದ ಮೇಲೆ ಒಂದು ಬೆಳಿಗ್ಗೆ ನಿರ್ದೇಶಕ ಹೊಲಿಗೆ ಕೋಣೆಗೆ ಬಂದ. ಜೊತೆಯಲ್ಲಿ ಹೊಸ ಸವಾರನಿದ್ದ. ಅವನಿಗೆ ಅಳತೆ ತೆಗೆಯಬೇಕಿತ್ತು. ನಿರ್ದೇಶಕ ಕಟುಕನೇನಲ್ಲ. ಕೂರಲೂ ಆಗದೆ ನಿಲ್ಲಲೂ ಆಗದೆ ಇಸ್ತ್ರಿ ಮೇಜಿನ ಅಂಚು ಸವರುತ್ತಿದ್ದ.

"ಅಕ್ಕ, ಅಣ್ಣ ಬಿದ್ದ ಆ ಶಾಟ್ ಇದೆಯಲ್ಲ, ನೀವು ಬೇಡ ಅಂದ್ರೆ ತೆಗೆದುಹಾಕ್ತೀನಿ."

"ಇಟ್ಟುಕೊಳ್ಳಿ ಸರ್," ಎಂದಳು ಅವಳು, ಟೇಪನ್ನು ಹೊಸಬನ ಎದೆಗೆ ಸುತ್ತುತ್ತ. "ಹೇಗಿದೆಯೋ ಹಾಗೇ ಇರಲಿ. ಅವರಮ್ಮ ಕಾಯ್ತಾ ಇದಾರೆ."

"ಹಾಗೇ ಇಡೋಕಾಗಲ್ಲ ಅಕ್ಕ. ಅಲ್ಲಿವರೆಗೂ ರಾಜ ಅಂತ ನಂಬಿದ ಜನ ಅಲ್ಲಿ ಬೇರೆ ಮುಖ ನೋಡಿದ್ರೆ ರಾಜನೇ ಇಲ್ಲ ಅಂತಾಗುತ್ತೆ. ಮುಖಕ್ಕೆ ನಾಯಕನ ಮುಖ ಕೂರಿಸಬೇಕು, ಈಗ ಕಂಪ್ಯೂಟರಲ್ಲಿ ಮಾಡಬಹುದು. ಎದೆನೂ ಕಂಡಿದೆ." ಅವನ ಬೆರಳು ಮತ್ತೆ ಮೇಜಿನ ಅಂಚಿಗೆ ಹೋಯಿತು. "ಎದೆ ಮೇಲೆ ಸೂರ್ಯ ಇಲ್ಲವಲ್ಲ, ಅದನ್ನೂ ಬರೆಸ್ತೀವಿ."

ಸೂಜಕ್ಕನ ಕೈ ನಿಂತಿತು. ಅಷ್ಟು ವರ್ಷ ಸಂಸಾರ ಮಾಡಿ ಗಂಡನ ಎದೆಗೆ ಒಂದು ಹೂವನ್ನೂ ಹೊಲಿದಿರಲಿಲ್ಲ ತಾನು. ಒಂದೇ ಒಂದು ಸಲ ಅವನು ಲೋಕದ ಕಡೆ ತಿರುಗಿದಾಗ ಬೋಳು ಎದೆಯಲ್ಲಿ ತಿರುಗಿದ್ದ.

"ಕೂರಿಸೋದು ಬೇಡ ಅಂದ್ರೆ?"

"ಮತ್ತೆ ಬೀಳಬೇಕು. ಇವನು."

"ಬೀಳ್ತೀನಿ ಅಕ್ಕ, ನನಗೇನೂ ತೊಂದ್ರೆ ಇಲ್ಲ" ಎಂದ ಹೊಸಬ. ಬಾಯಿ ಹಾಗೆಂದಿತು. ಟೇಪಿನ ಕೆಳಗೆ ಎದೆ ಮಾತ್ರ ಅವಳ ಬೆರಳಿಗೆ ತಾಕುವಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಇವನಿಗೂ ಎಲ್ಲೋ ಒಬ್ಬ ತಾಯಿ ಇರುತ್ತಾಳೆ ಎಂದು ಅವಳಿಗೆ ಹೊಳೆದದ್ದು ಆಗ. ರಾಜ ಒಬ್ಬನೇ ಅಂತ ಜನ ನಂಬಬೇಕು ಎಂದು ಊಟದ ತಟ್ಟೆಯ ಮುಂದೆ ಗಂಡ ಹೇಳುತ್ತಿದ್ದದ್ದೂ ನೆನಪಾಯಿತು. ಅಷ್ಟು ಜಗಳವಾಡಿ ಬದುಕಿದ್ದಾಗ ಗೆಲ್ಲದವನು ಈಗ ಗೆದ್ದನಲ್ಲ ಎಂದು ಸಿಟ್ಟು ಬಂತು.

"ಮುಖ ಕೂರಿಸಿ" ಎಂದಳು. "ಇವರು ಬೀಳೋದು ಬೇಡ. ಎದ್ದು ನಿಲ್ಲೋದಷ್ಟೇ ಮಾಡಲಿ."

ಹೊಸಬನ ಅಂಗಿಗೆ ಅವಳು ಬೆನ್ನಿಗೆ ಬಳ್ಳಿ ಹೊಲಿದದ್ದಲ್ಲದೆ ಎದೆಗೂ ಸೂರ್ಯ ಹೊಲಿದಳು. ಉಗ್ರಾಣದವನು ಬಂದು, ಕಾಣದ ಕಡೆ ಇಷ್ಟು ದಾರ ಯಾಕೆ ಎಂದು ಮುಖ ಸಿಂಡರಿಸಿದ. "ಮನುಷ್ಯ ಬಿದ್ದಾಗ ಯಾವ ಕಡೆ ತಿರುಗ್ತಾನೆ ಅಂತ ನಿನಗೇನಾದ್ರೂ ಗೊತ್ತಾ?" ಎಂದು ಅವಳು ಕೇಳಿದ ಮೇಲೆ ಅವನು ಇನ್ನೊಂದು ಉಂಡೆ ದಾರ ತಂದಿಟ್ಟು ಹೋದ.

ಎಲ್ಲರಿಗೂ ಚುಚ್ಚಿ ಮಾತಾಡುವ ಸೂಜಕ್ಕನ ನಾಲಿಗೆ ಅತ್ತೆಯ ಮುಂದೆ ಮಾತ್ರ ಏಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಸಿನಿಮಾ ಬಂದುಬಿಟ್ಟಿತು. ಅತ್ತೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಒರೆಸಿ ಸಿದ್ಧರಾದರು. ಮಧ್ಯಾಹ್ನದ ಆಟ, ಕಾಲಿಡಲು ಜಾಗವಿಲ್ಲದಷ್ಟು ಜನ. ಪ್ರತಿ ಸಲ ರಾಜನ ಬೆನ್ನು ಕಂಡಾಗಲೂ ಅತ್ತೆ ಅವಳ ಮಣಿಕಟ್ಟು ಅದುಮಿ, "ಇವನೇ" ಎನ್ನುತ್ತಿದ್ದರು. ಹೌದು ಅತ್ತೆ, ಎನ್ನುತ್ತಿದ್ದಳು ಅವಳು.

ಕೋಟೆಯ ಬಾಗಿಲು ಬಂತು. ಕುದುರೆ ಮುಗ್ಗರಿಸಿತು. ಕವಚ ಹಾರಿತು. ಮುಖ ತಿರುಗಿತು.

ನಟನ ಮುಖ. ಎದೆಯ ಮೇಲೆ ಯಾರೋ ಬರೆದ ಸೂರ್ಯ, ಅವಳು ಹೊಲಿಯದ್ದು.

ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ತನ್ನ ಗಂಡ ಬಿದ್ದದ್ದಕ್ಕೆ ಇಷ್ಟು ಜನ ಅಳುತ್ತಿದ್ದಾರೆ, ಅವರಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ ಎಂದುಕೊಂಡಾಗ ಅವಳಿಗೂ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸು ಅವಳ ಭುಜ ಮುಟ್ಟಿ, "ಅಳಬೇಡಿ ಅಕ್ಕ, ಅವನಿಗೇನೂ ಆಗಿಲ್ಲ. ನಾನು ಆಗಲೇ ಒಂದು ಸಲ ನೋಡಿದೀನಿ. ಈಗ ಏಳ್ತಾನೆ ನೋಡಿ" ಎಂದಳು.

ರಾಜ ಎದ್ದ. ಮೊದಲು ಮೊಣಕಾಲು, ಆಮೇಲೆ ಭುಜ, ಆಮೇಲೆ ಬೆನ್ನ ತುಂಬ ಅವಳು ಹೊಲಿದ ಬಳ್ಳಿ. ಐನೂರು ಜನ ಅವನ ಹಿಂದೆ ಓಡಿದರು. ಸಿಳ್ಳೆ, ಚಪ್ಪಾಳೆ, ಜನ ಕುರ್ಚಿ ಬಿಟ್ಟು ಎದ್ದರು. ಗಂಡ ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿತ್ತು.

ಅತ್ತೆ ಮಾತ್ರ ಅಲುಗಾಡಲಿಲ್ಲ. ಮಣಿಕಟ್ಟು ಹಿಡಿದಿದ್ದ ಕೈ ಸಡಿಲವಾಯಿತು.

"ಇದು ನಮ್ಮವನ ಬೆನ್ನಲ್ಲ" ಎಂದರು.

"ಅಲ್ಲ ಅತ್ತೆ."

"ನಮ್ಮವನು ಎಲ್ಲಿ?"

"ಆಗ ಬಿದ್ದರಲ್ಲ, ಅವರು."

"ಅದು ಅವನ ಮುಖ ಅಲ್ಲವಲ್ಲೇ."

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಿನಿಮಾ ಇನ್ನೂ ಅರ್ಧ ಗಂಟೆ ಇತ್ತು. ಮುಗಿಯುವವರೆಗೂ ಅವರು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ.