ಫಿನಾಯಿಲ್ ಬಾಟಲಿ ಮತ್ತು ಬ್ರೆಡ್ ಉಪ್ಪಿಟ್ಟು

ಎಂಬತ್ತರ ದಶಕದ ಶುರುವಿನಲ್ಲಿ ನಾನು ತುಮಕೂರಿನ ಒಂದು ಸಹಕಾರಿ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಗಿರಾಕಿಗಳೇ ಬುಟ್ಟಿ ಹಿಡಿದು ಬೇಕಾದ್ದನ್ನು ಎತ್ತಿಕೊಳ್ಳುವ ಅಂಗಡಿ ನಮ್ಮೂರಿಗೆ ಆಗ ಹೊಸದು. ಜನಕ್ಕೆ ಸಂಕೋಚವೋ ಸಂಕೋಚ. "ಮುಟ್ಟಬಹುದೇನಮ್ಮ?" ಎಂದು ನನ್ನನ್ನು ಕೇಳಿಯೇ ಸೋಪು ಮುಟ್ಟುತ್ತಿದ್ದರು. ಅಂಥವರ ಮುಂದೆ ದಿನಾ ಬೆಳಿಗ್ಗೆ ರಾಶಿ ರಾಶಿ ಬ್ರೆಡ್ಡು ಜೋಡಿಸಿಟ್ಟರೆ ಯಾರು ಕೊಳ್ಳುತ್ತಾರೆ? ಅರ್ಧಕ್ಕರ್ಧ ಉಳಿಯುತ್ತಿತ್ತು.

ಉಳಿದದ್ದಕ್ಕೆ ಒಂದು ರೂಲ್ಸು. ಮಾರನೆಯ ದಿನ ಸಂಜೆ ಅದರ ಮೇಲೆ ಫಿನಾಯಿಲ್ ಸುರಿದು ಹಿತ್ತಿಲ ಗುಂಡಿಗೆ ಹಾಕಬೇಕು. ಯಾರಾದರೂ ಎತ್ತಿ ತಿಂದು ಹೊಟ್ಟೆ ಕೆಡಿಸಿಕೊಂಡರೆ ಸ್ಟೋರಿನ ಮೇಲೆ ಬರುತ್ತದಲ್ಲ! ಸುರಿಯುವ ಕೆಲಸ ನನ್ನದು. ಒಳ್ಳೇ ಮೆತ್ತಗಿನ ಬ್ರೆಡ್ಡನ್ನು ಕೈಯಾರೆ ಹಾಳು ಮಾಡುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಗುಂಡಿಯ ಆಚೆ ಒಂದು ಕಟ್ಟಡ ಏಳುತ್ತಿತ್ತು. ಆಗ ಸಿಮೆಂಟಿಗೂ ಸರ್ಕಾರದ ಪರ್ಮಿಟ್ ಬೇಕಿತ್ತು; ಅದು ಸಿಗದೆ ಕೆಲಸ ನಿಂತುಹೋಗಿತ್ತು. ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಒಬ್ಬಳು, ಅವಳ ಅತ್ತೆ, ಮೂರು ತಿಂಗಳ ಕೂಸು, ಇಷ್ಟು ಜನ ಅಲ್ಲೇ ಶೆಡ್ಡಿನಲ್ಲಿ ಉಳಿದಿದ್ದರು. ಗಂಡ ಬೇರೆ ಕೂಲಿ ಹುಡುಕಿಕೊಂಡು ಗುಬ್ಬಿಗೆ ಹೋದವನು ಇನ್ನೂ ಬಂದಿರಲಿಲ್ಲ. ಕೂಸಿನ ಅಳು ನನ್ನ ಕೌಂಟರಿನವರೆಗೂ ಕೇಳುತ್ತಿತ್ತು. ಒಂದು ದಿನ ತಡೆಯಲಾರದೆ ಹೋಗಿ ವಿಚಾರಿಸಿದೆ.

"ಎದೇಲಿ ಹಾಲಿಲ್ಲ ಕಣಕ್ಕ. ನನ್ ಹೊಟ್ಟೆಗೇ ಏನೂ ಇಲ್ಲ, ಇದಕ್ಕೆ ಎಲ್ಲಿಂದ ತರ್ಲಿ?" ಎಂದಳು.

ಸೀದಾ ಮ್ಯಾನೇಜರ್ ಮುಂದೆ ನಿಂತು, ಉಳಿದ ಬ್ರೆಡ್ಡನ್ನು ಅವಳಿಗೆ ಕೊಡೋಣ ಎಂದೆ. ಅವರು ನಿಟ್ಟೂರಿನಿಂದ ದಿನಾ ರೈಲಿನಲ್ಲಿ ಬರುವವರು, ರೂಲ್ಸು ಬಿಟ್ಟು ಉಸಿರೂ ಆಡದವರು.

"ಕೊಟ್ಟು ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ?"

"ನಿನ್ನೆಯ ಬ್ರೆಡ್ಡು ಸಾರ್, ಹೋದ ವರ್ಷದ್ದಲ್ಲ!" ಎಂದು ರೇಗಿದೆ.

"ಹಂಗಾದ್ರೆ ನೀನೇ ಮೊದ್ಲು ತಿನ್ನು. ನಾಳೆ ಕೆಲ್ಸಕ್ಕೆ ಬಂದ್ರೆ ಆಮೇಲೆ ನೋಡೋಣ."

ಅವರೆದುರೇ ನಾಲ್ಕು ಸ್ಲೈಸು ತಿಂದೆ. ಮಾರನೆಯ ದಿನ ಹತ್ತು ನಿಮಿಷ ಮುಂಚೆಯೇ ಹೋಗಿ, ಹಲ್ಲು ಕಿಸಿದು ನಮಸ್ಕಾರ ಮಾಡಿದೆ. ಅವರು ತಲೆ ಎತ್ತದೆ, "ತಗೊಂಡ್ ಹೋಗು ಮಾರಾಯ್ತಿ" ಅಂದರು.

ಗೆದ್ದ ಖುಷಿಯಲ್ಲಿ ಎರಡು ಪೌಂಡು ಬ್ರೆಡ್ಡು ಹಿಡಿದು ಶೆಡ್ಡಿಗೆ ಓಡಿದರೆ, ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಎತ್ಕೊಂಡ್ ಹೋಗವ್ವ! ನಮ್ಮಲ್ಲಿ ಯಾರೂ ಆಸ್ಪತ್ರೆ ಸೇರಿಲ್ಲ. ಎಳೇ ಕೂಸಿರೋ ಜಾಗಕ್ಕೆ ಜ್ವರದೋರ ತಿಂಡಿ ತತ್ತೀಯಲ್ಲ, ಒಳ್ಳೇದಾಯ್ತದಾ?" ಹಿಂದೆ ನಿಂತಿದ್ದ ಸೊಸೆ ಬ್ರೆಡ್ಡನ್ನೇ ನೋಡುತ್ತಿದ್ದಳು, ಆದರೆ ಕೈ ಚಾಚಲಿಲ್ಲ.

ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಉಪ್ಪಾರಹಳ್ಳಿಯ ನಮ್ಮ ಮನೆಗೆ ಹೋಗಿ, "ಹಸಿದಿರೋರಿಗೂ ಇಷ್ಟು ಜಂಬಾನಾ?" ಎಂದು ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಬಿದ್ದು ಬಿದ್ದು ನಕ್ಕಳು.

"ಅಲ್ವೇ, ಟೈಫಾಯ್ಡ್ ಬಂದು ಮಲಗಿದ್ದಾಗ ಬಿಟ್ರೆ ಈ ಮನೇಲಿ ನೀನು ಯಾವತ್ತೇ ಬ್ರೆಡ್ ತಿಂದಿದ್ದೆ?"

ಹೌದಲ್ಲ! ಆಗೆಲ್ಲ ಬ್ರೆಡ್ಡಿನ ಪೊಟ್ಟಣ ಹಿಡಿದು ಹೋಗುವವರನ್ನು ಕಂಡರೆ "ಯಾರಿಗೆ ಹುಷಾರಿಲ್ಲ?" ಎಂದೇ ಕೇಳುತ್ತಿದ್ದರು. ನಾನೂ ಕೇಳಿದ್ದೇನೆ.

ಅಮ್ಮ ಬ್ರೆಡ್ಡನ್ನು ಪುಡಿ ಪುಡಿ ಮಾಡಿದಳು. ಸಾಸಿವೆ, ಕರಿಬೇವು, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟಳು. "ಹಾಲೂಡಿಸೋಳು ಅಂತೀಯ, ಖಾರ ಕಮ್ಮಿ ಮಾಡಿ ಬೆಳ್ಳುಳ್ಳಿ ಜಾಸ್ತಿ ಹಾಕಿದೀನಿ ಕಣೇ" ಎಂದು ಪಾತ್ರೆ ಕೈಗಿತ್ತಳು.

ಆ ಪಾತ್ರೆ ಹೊತ್ತು ಮತ್ತೆ ಶೆಡ್ಡಿಗೆ ಹೋದೆ. ಮುಚ್ಚಳ ತೆಗೆದ ಕೂಡಲೇ ಒಗ್ಗರಣೆಯ ಘಮ ಎದ್ದಿತು. ಅತ್ತೆ ಒಂದು ತುತ್ತು ಬಾಯಿಗಿಟ್ಟು ನೋಡಿ, "ಉಪ್ಪಿಟ್ಟು ಅನ್ನು ಮತ್ತೆ!" ಎಂದವಳೇ ಸೊಸೆಯನ್ನು ಕರೆದಳು. ಅದೇ ನಿನ್ನೆಯ ಬ್ರೆಡ್ಡು ಎಂದು ನಾನೇ ಹೇಳಿದೆ. ಮುದುಕಿ ಕಣ್ಣು ಮಿಟುಕಿಸಿ, "ಗೊತ್ತು ಬುಡವ್ವ, ಈಗ ಅದು ಜ್ವರದ್ದಲ್ಲ" ಅಂದಳು. ಸೊಸೆ ಪಾತ್ರೆಯ ತಳ ಕಾಣುವವರೆಗೂ ತಿಂದಳು.

ಅಲ್ಲಿಂದ ದಿನಾ ಅದೇ ಕೆಲಸ. ಉಳಿದ ಬ್ರೆಡ್ಡು ಸಂಜೆ ನಮ್ಮ ಮನೆಗೆ, ಬೆಳಿಗ್ಗೆ ಉಪ್ಪಿಟ್ಟಿನ ಪಾತ್ರೆ ಶೆಡ್ಡಿಗೆ. ಮೂರನೆಯ ದಿನ ಮ್ಯಾನೇಜರೂ "ರುಚಿ ಹೆಂಗಿದೆ ಅಂತ ಚೆಕ್ ಮಾಡ್ಬೇಕಲ್ಲ" ಎಂದು ತಟ್ಟೆ ಹಿಡಿದು ನಿಂತರು!

ವಾರವಾಗಿತ್ತು. ಒಂದು ಮಧ್ಯಾಹ್ನ ಕೌಂಟರಿನಲ್ಲಿದ್ದವಳಿಗೆ ಕೂಸಿನ ಅಳು ಕೇಳುತ್ತಿಲ್ಲ ಅನ್ನಿಸಿತು. ಬಿಲ್ಲು ಅರ್ಧಕ್ಕೇ ಬಿಟ್ಟು ಹಿತ್ತಿಲಿಗೆ ಓಡಿದೆ. ಸೊಸೆ ಇಟ್ಟಿಗೆ ರಾಶಿಗೆ ಒರಗಿ, ಸೆರಗು ಮುಚ್ಚಿ ಕೂತಿದ್ದಳು.

"ಯಾಕಮ್ಮ, ಕೂಸಿಗೇನಾಯ್ತು?" ಎಂದು ಕೂಗಿದೆ.

"ಶ್! ಮೆಲ್ಲುಕ್ ಮಾತಾಡಕ್ಕ" ಎಂದು ನಕ್ಕಳು. "ಕುಡೀತೈತೆ."

ಒಳಗೆ ಬಂದು ಗೋಡೌನಿನ ಮೂಲೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮ್ಯಾನೇಜರ್ ಹುಡುಕಿಕೊಂಡು ಬಂದರು.

"ಯಾಕಮ್ಮ, ಕಣ್ಣಿಗೆ ಫಿನಾಯಿಲ್ ಹಾರ್ತಾ?"

"ಹೂಂ ಸಾರ್" ಅಂದೆ.

ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆಯದೆ ವಾರವಾಗಿತ್ತು. ಅದು ಅವರಿಗೂ ಗೊತ್ತಿತ್ತು.